ಇಗುವಾನಾ, ತೇಗು, ಸವಾನಾ ಉಡ: ಯಾವುದನ್ನು ಸಾಕಬಹುದು?

ಪ್ರಶ್ನೆ: ಕೆಲವು ವರ್ಷಗಳಿಂದ ಬಿಯರ್ಡೆಡ್ ಡ್ರ್ಯಾಗನ್ ಎಂಬ ಹಲ್ಲಿಯನ್ನು ಸಾಕುತ್ತಿದ್ದೇವೆ. ಈಗ ದೊಡ್ಡ ಜಾತಿಯ ಹಲ್ಲಿಯೊಂದನ್ನು ತರುವ ಆಸೆ. ಮಗಳಿಗೆ ಹಸಿರು ಇಗುವಾನಾ ಇಷ್ಟ. ಗೆಳೆಯರೊಬ್ಬರು ಅರ್ಜೆಂಟೀನಾದ ಕಪ್ಪು-ಬಿಳಿ ತೇಗು ತನ್ನಿ ಅಂತಾರೆ. ಅಂಗಡಿಯವರು ಸವಾನಾ ಮಾನಿಟರ್ ಮರಿ ತೋರಿಸಿ, ಇದನ್ನು ಸಾಕುವುದು ಸುಲಭ ಎಂದರು. ಒಂದು ಕೋಣೆ ಖಾಲಿ ಇದೆ. ಮಗನಿಗೆ 3 ವರ್ಷ. ಯಾವುದನ್ನು ಆರಿಸಲಿ?

ಉತ್ತರ: ಈ ಮೂರರಲ್ಲಿ ಒಂದನ್ನು ಹೇಳಲೇಬೇಕೆಂದರೆ ತೇಗು. ಆದರೆ ಈಗಲೇ ಬೇಡ. ಕಾರಣವನ್ನು ಆಮೇಲೆ ಹೇಳುತ್ತೇನೆ.

ಮೊದಲು ಅಂಗಡಿಯವರ ಮಾತಿಗೆ ಬರೋಣ. ಸವಾನಾ ಮಾನಿಟರ್ ಆಫ್ರಿಕಾದ ಹುಲ್ಲುಗಾವಲಿನ ಉಡ. ಕಾಡಿನಲ್ಲಿ ಇದು ತಿನ್ನುವುದು ಬಹುಪಾಲು ಜೀರುಂಡೆ, ಮಿಡತೆ, ಸಾವಿರ ಕಾಲಿನ ಹುಳು, ಬಸವನಹುಳು. ಸಾಕಿದವರು ದಿನಾ ಇಲಿಮರಿ ಹಾಕುತ್ತಾರೆ. ಬೊಜ್ಜು ಬರುತ್ತದೆ, ಯಕೃತ್ತು ಕೆಡುತ್ತದೆ, ಎಷ್ಟೋ ಮರಿಗಳು ಚಿಕ್ಕ ವಯಸ್ಸಿನಲ್ಲೇ ಸಾಯುತ್ತವೆ. ಇದಕ್ಕೆ ಬಿಲ ತೋಡಲು ಎರಡಡಿ ಆಳದ ಮಣ್ಣು ಬೇಕು. ಮೈ ಕಾಯಿಸುವ ಜಾಗದ ಮೇಲ್ಮೈ 55 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಗಾಜಿನ ತೊಟ್ಟಿಯಲ್ಲಿ ಇದ್ಯಾವುದೂ ಆಗುವುದಿಲ್ಲ. "ಪಾಪ, ಎಷ್ಟು ಸಾಧು" ಅಂತ ತೋರಿಸುವ ಉಡ ಅನೇಕ ಸಲ ಕೊಬ್ಬಿನಿಂದಲೋ ಚಳಿಯಿಂದಲೋ ಅಲುಗಾಡಲಾರದೆ ಬಿದ್ದಿರುತ್ತದೆ. ಅದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಅದೂ ಅಲ್ಲದೆ, ಮಾರಾಟಕ್ಕೆ ಬರುವ ಮರಿಗಳಲ್ಲಿ ಹೆಚ್ಚಿನವು ಪಶ್ಚಿಮ ಆಫ್ರಿಕಾದಿಂದ ಬಂದವು. ಅವುಗಳ ಮೂಲ ಕಾಡೇ, ಸಾಕಣೆಯಲ್ಲ. ಇದನ್ನು ಬಿಟ್ಟುಬಿಡಿ.

ಇಗುವಾನಾ ವಿಷಯದಲ್ಲಿ ಮಗಳಿಗೆ ಬೇಜಾರಾಗಬಹುದು. ಅಂಗೈಯಗಲದ ಆ ಹಸಿರು ಮರಿ ಬೆಳೆದರೆ ಬಾಲದ ತುದಿಯವರೆಗೆ ಒಂದೂವರೆ ಮೀಟರ್. ಕೆಲವು ಗಂಡುಗಳು ಎರಡು ಮೀಟರ್ ಹತ್ತಿರ ಹೋಗುತ್ತವೆ. ಮರದ ಮೇಲೆ ಬದುಕುವ ಪ್ರಾಣಿ ಇದು. ಉದ್ದಕ್ಕಿಂತ ಎತ್ತರ ಬೇಕು, ಆ ಎತ್ತರದಲ್ಲೇ ಬಿಸಿಯೂ ಇರಬೇಕು. ಊಟ ಬರೀ ಸೊಪ್ಪು ಸದೆ. ಅದರಲ್ಲೂ ಪಾಲಕ್ ದಿನನಿತ್ಯಕ್ಕೆ ಆಗದು, ಅದರಲ್ಲಿರುವ ಆಕ್ಸಲೇಟ್ ಎಂಬ ಅಂಶ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೊಟ್ಟೆ, ಮಾಂಸ, ನಾಯಿ ಆಹಾರ ಕೊಡುವ ಹಳೆಯ ಪದ್ಧತಿ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ. ಆ ಪೆಟ್ಟು ಗೊತ್ತಾಗುವುದು ವರ್ಷಗಳ ನಂತರ. ಇನ್ನು ಗಂಡು ಬೆದೆಗೆ ಬಂತೆಂದರೆ ಸಾಕಿದವರ ಮೇಲೇ ಎರಗಬಹುದು. ಬಾಲದ ಏಟು ಚಾಟಿಯ ಹಾಗೆ. ಚಿಕ್ಕ ಮಗು ಇರುವ ಮನೆಗೆ ಇದು ಖಂಡಿತ ಬೇಡ.

ತೇಗು ಯಾಕೆ ಅಂದರೆ, ಇದು ನೆಲದ ಪ್ರಾಣಿ, ಏನು ಕೊಟ್ಟರೂ ತಿನ್ನುತ್ತದೆ, ತಾಳ್ಮೆಯಿಂದ ಸಾಕಿದರೆ ಮನುಷ್ಯರಿಗೆ ಚೆನ್ನಾಗಿ ಹೊಂದಿಕೊಳ್ಳುತ್ತದೆ. ಹೆಣ್ಣು ಸುಮಾರು ಒಂದು ಮೀಟರ್, ಗಂಡು 1.2 ಮೀಟರ್ ಅಥವಾ ಇನ್ನೂ ಉದ್ದ. 15 ವರ್ಷ ಜೊತೆಗಿರುತ್ತದೆ ಅಂದುಕೊಂಡೇ ತರಬೇಕು. ಹುಳ, ಬಸವನಹುಳು, ಮೀನು, ಮೊಟ್ಟೆ, ಆಗೊಮ್ಮೆ ಇಲಿ, ಸ್ವಲ್ಪ ಹಣ್ಣು ಕೊಡಿ. ಕೈಯಿಂದ ಉಣಿಸಲೇಬೇಡಿ, ಇಕ್ಕುಳ ಬಳಸಿ. ದವಡೆ ಬಹಳ ಗಟ್ಟಿ. ಕೈ ಅಂದರೆ ಊಟ ಅಂತ ಅದಕ್ಕೆ ಅಭ್ಯಾಸವಾಗಬಾರದು.

ನಿಮ್ಮ ಖಾಲಿ ಕೋಣೆಯಲ್ಲಿ 8 ಅಡಿ ಉದ್ದ, 4 ಅಡಿ ಅಗಲದ ಗೂಡು ಕಟ್ಟಿಸಿ. ಒಂದಡಿಗಿಂತ ಜಾಸ್ತಿ ತೇವದ ಮಣ್ಣು ಹಾಕಿ. ಒಂದು ತುದಿಯಲ್ಲಿ ಮೈ ಕಾಯಿಸುವ ಕಲ್ಲಿನ ಬಿಸಿ 45ರಿಂದ 50 ಡಿಗ್ರಿ ಇರಲಿ, ಇನ್ನೊಂದು ತುದಿ 25ರ ಆಸುಪಾಸು. ಬಿಸಿಲಿನಲ್ಲಿರುವಂಥ ಅತಿನೇರಳೆ ಕಿರಣ ಕೊಡುವ ಯುವಿಬಿ ದೀಪದ ವಿಚಾರ ನಿಮಗೆ ಗೊತ್ತೇ ಇದೆ. ಬೆಳಕು ಕಾಣುತ್ತಿದ್ದರೂ ಯುವಿಬಿ ಕುಗ್ಗಿರುತ್ತದೆ, ತಯಾರಕರು ಹೇಳಿದ ಅವಧಿಗೆ ಬದಲಿಸಿ. ಕಿಟಕಿಯ ಗಾಜಿನಿಂದ ಬರುವ ಬಿಸಿಲನ್ನು ನಂಬಬೇಡಿ, ಗಾಜು ಯುವಿಬಿಯನ್ನು ತಡೆಯುತ್ತದೆ.

ಚಳಿಗಾಲದಲ್ಲಿ ತೇಗು ಊಟ ಬಿಟ್ಟು ಮಣ್ಣಿನೊಳಗೆ ತಿಂಗಳುಗಟ್ಟಲೆ ಮಲಗಬಹುದು. ಹೆದರಬೇಡಿ, ಅದರ ಸ್ವಭಾವವೇ ಹಾಗೆ. ಆದರೆ ಅದಕ್ಕೂ ಮುಂಚೆ ವೈದ್ಯರಿಗೆ ತೋರಿಸಿ, ರೋಗವಿದ್ದರೂ ಊಟ ಬಿಡುತ್ತದೆ ಅಲ್ವಾ! ಇನ್ನೊಂದು ಸಂಗತಿ ನನಗೆ ಈಗಲೂ ಬೆರಗು. ಶೀತರಕ್ತದ ಪ್ರಾಣಿ ಎನ್ನಿಸಿಕೊಂಡ ಈ ತೇಗು ಬೆದೆಯ ಕಾಲದಲ್ಲಿ ತನ್ನ ಮೈಯನ್ನು ಬಿಲಕ್ಕಿಂತ 10 ಡಿಗ್ರಿಯವರೆಗೆ ಬಿಸಿ ಇಟ್ಟುಕೊಳ್ಳಬಲ್ಲದು. ಈ ಸಂಶೋಧನೆ ಪ್ರಕಟವಾದದ್ದು 2016ರಲ್ಲಿ.

ಸಾಕಣೆಯಲ್ಲೇ ಹುಟ್ಟಿದ ಮರಿಯನ್ನು ಮಾತ್ರ ಕೊಳ್ಳಿ. ನೀವಿರುವ ಕಡೆ ಕಾನೂನು ಒಪ್ಪುತ್ತದೆಯೇ ಅಂತಲೂ ಮೊದಲೇ ವಿಚಾರಿಸಿ. ಅಮೆರಿಕದ ಫ್ಲೋರಿಡಾದಲ್ಲಿ ತಪ್ಪಿಸಿಕೊಂಡ, ಹೊರಗೆ ಬಿಟ್ಟ ತೇಗು ಮತ್ತು ಇಗುವಾನಾಗಳು ಕಾಡಿನಲ್ಲಿ ನೆಲೆಯೂರಿವೆ. ಅಲ್ಲಿ ತೇಗುಗಳು ಮೊಸಳೆ ಜಾತಿಯ ಆಲಿಗೇಟರ್ ಮೊಟ್ಟೆಗಳನ್ನೂ ತಿನ್ನುತ್ತವೆ. 2021ರಲ್ಲಿ ಅಲ್ಲಿ ತೇಗು, ಇಗುವಾನಾ ಎರಡನ್ನೂ ನಿಷೇಧಿತ ಪಟ್ಟಿಗೆ ಸೇರಿಸಿದರು. ಸಾಕಲಾಗದಿದ್ದರೆ ಹೊರಗೆ ಬಿಡುವ ಯೋಚನೆಯನ್ನೇ ಮಾಡಬೇಡಿ.

ಈಗ ಕಾಯಬೇಕು ಎಂದೆನಲ್ಲ, ಕಾರಣ ನಿಮ್ಮ ಮಗ. ಆರೋಗ್ಯವಾಗಿರುವ ಹಲ್ಲಿಯ ಮೈಮೇಲೂ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. 5 ವರ್ಷದೊಳಗಿನ ಮಕ್ಕಳಿಗೆ ಅದು ಬೇರೆಯವರಿಗಿಂತ ಜಾಸ್ತಿ ಅಪಾಯ. ಬಿಯರ್ಡೆಡ್ ಡ್ರ್ಯಾಗನ್‌ಗೂ ಇದು ಅನ್ವಯಿಸುತ್ತದೆ. ಮಗನನ್ನು ಅದರಿಂದ ದೂರವಿಡಿ, ಮುಟ್ಟಿದವರೆಲ್ಲ ಸೋಪಿನಿಂದ ಕೈ ತೊಳೆಯಿರಿ, ಅದರ ತಟ್ಟೆಗಳನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ.

ಮಗನಿಗೆ 5 ತುಂಬುವವರೆಗಿನ ಆ ಎರಡು ವರ್ಷ ಸುಮ್ನೆ ಕೂರಬೇಕಿಲ್ಲ. ಸರೀಸೃಪಗಳನ್ನು ನೋಡುವ ವೈದ್ಯರನ್ನು ಹುಡುಕಿಕೊಳ್ಳಿ. ಗೂಡು ಕಟ್ಟಿಸಿ ದೀಪ ಹಾಕಿ, ಖಾಲಿ ಗೂಡಿನ ಬಿಸಿ ಮತ್ತು ತೇವವನ್ನು ಎಲ್ಲ ಋತುವಿನಲ್ಲೂ ಅಳೆಯಿರಿ. ಲೆಕ್ಕ ಬರೆಯುವ ಕೆಲಸವನ್ನು ಮಗಳಿಗೆ ಕೊಡಿ. ಅಷ್ಟರಲ್ಲಿ ಆ ಕೋಣೆ ಬೇರೆ ಕೆಲಸಕ್ಕೆ ಬೇಕಾಯಿತು ಅನ್ನಿ, ಆಗ ಅರ್ಧ ಮೀಟರ್ ಉದ್ದದ ನೀಲಿ ನಾಲಿಗೆಯ ಸ್ಕಿಂಕ್ ಎಂಬ ಹಲ್ಲಿಯನ್ನು ಸಾಕಬಹುದು. ಅದಕ್ಕೆ 4 ಅಡಿ ಉದ್ದ, 2 ಅಡಿ ಅಗಲದ ಗೂಡು ಸಾಕು.