ಹಂದಿ ಕಾಟ: ಕೋವಿಗಿಂತ ಮೊದಲು ಬೇಲಿ ನೋಡಿ

ಮೆಕ್ಕೆಜೋಳ ತೆನೆಗಟ್ಟುವ ಹೊತ್ತಿಗೆ ಕಾಡುಹಂದಿಯ ಬಗ್ಗೆ ಪತ್ರಗಳು ಒಂದರ ಹಿಂದೊಂದು ಬರತೊಡಗುತ್ತವೆ. ಈ ಸಲ ಐದು ಪ್ರಶ್ನೆ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಎರಡು ಎಕರೆ ಮೆಕ್ಕೆಜೋಳ ಹಾಕಿದ್ದೇನೆ. ತೆನೆಯಲ್ಲಿ ಹಾಲು ತುಂಬುತ್ತಿದ್ದಂತೆ ಹಂದಿ ಹಿಂಡು ನುಗ್ಗಿ ಒಂದೇ ರಾತ್ರಿ ಕಾಲು ಎಕರೆ ಮಲಗಿಸಿತು. ಹೋದ ವರ್ಷ ಐಬೆಕ್ಸ್ ತಂತಿ (ಶಾಕ್ ಕೊಡುವ ಸೌರ ಬೇಲಿ) ಎರಡೆಳೆ ಎಳೆಸಿದ್ದೆ. ಹದಿನೈದು ದಿನ ಹೆದರಿದವು, ಆಮೇಲೆ ತಂತಿಯ ಅಡಿಯಲ್ಲೇ ತೂರಿಕೊಂಡು ಬಂದವು. ಹೊಲ ಕಾಯುವ ಮಾಳದಲ್ಲಿ ಡಬ್ಬ ಬಡಿದು ಬಡಿದು ನಿದ್ದೆಯೇ ಇಲ್ಲದಂತಾಗಿದೆ.
– ಶಿಕಾರಿಪುರ ತಾಲ್ಲೂಕಿನ ರೈತರು

ಉತ್ತರ: ಬೇಲಿಗೆ ಕರೆಂಟು ಬಿಡುವ ನಿಮ್ಮ ಮಷಿನ್ ಕೆಟ್ಟಿರಲಿಕ್ಕಿಲ್ಲ. ಬೇಲಿಯ ಕೆಳಗಿನ ಎಳೆ ಎಷ್ಟು ಎತ್ತರದಲ್ಲಿದೆ, ಅಳೆದು ನೋಡಿ. ಒಂದೂವರೆ ಅಡಿ ಇದ್ದರೆ ಅದು ದನಕ್ಕೆ ಕಟ್ಟಿದ ಬೇಲಿ. ಹಂದಿ ಮೂಗು ನೆಲಕ್ಕಿಟ್ಟೇ ನಡೆಯುವ ಪ್ರಾಣಿ. ಅದರ ಮೈಮೇಲೆ ಒರಟು ಕೂದಲು, ಮೇಲೆ ಒಣಗಿದ ಕೆಸರಿನ ಲೇಪ. ಬೆನ್ನಿಗೆ ತಂತಿ ತಗುಲಿದರೂ ಶಾಕ್ ಸರಿಯಾಗಿ ಹತ್ತುವುದಿಲ್ಲ. ಹತ್ತುವುದು ಒದ್ದೆ ಮೂತಿಗೆ. ಹಾಗಾಗಿ ಮೊದಲ ಎಳೆ ನೆಲದಿಂದ 8ರಿಂದ 10 ಇಂಚು, ಎರಡನೆಯದು 18 ಇಂಚು, ಮೂರನೆಯದು ಎರಡೂವರೆ ಅಡಿಯಲ್ಲಿರಲಿ. ನೆಲ ತಗ್ಗಾದ ಕಡೆ, ನೀರು ಹರಿಯುವ ಕಾಲುವೆ ದಾಟುವ ಕಡೆ, ಒಂದು ಗೂಟ ಹೆಚ್ಚು ಹುಗಿದು ತಂತಿಯನ್ನು ತಗ್ಗಿನ ಜೊತೆಗೇ ಇಳಿಸಿ. ಹಂದಿ ಇಡೀ ಬೇಲಿ ಸುತ್ತಿ ಆ ಒಂದು ಜಾಗವನ್ನೇ ಹುಡುಕುತ್ತದೆ.

ಹದಿನೈದು ದಿನ ಹೆದರಿ ಆಮೇಲೆ ನುಗ್ಗಿದವು ಎಂದಿರಲ್ಲ, ಕಾರಣ ಬಹುಶಃ ಅಲ್ಲೇ ಇದೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೆ ಹುಲ್ಲು ಕೆಳಗಿನ ಎಳೆಯನ್ನು ಮುಟ್ಟುತ್ತದೆ. ಬೆಳಿಗ್ಗೆ ಇಬ್ಬನಿ ಆರುವ ಮುಂಚೆ ಬೇಲಿಯ ಗುಂಟ ನಡೆದು ಕಿವಿಗೊಡಿ. ‘ಟಿಕ್ ಟಿಕ್’ ಸದ್ದು ಬಂದ ಕಡೆ ಬಗ್ಗಿ ನೋಡಿದರೆ ಒದ್ದೆ ಗರಿಕೆಯೋ ಮುರಿದ ಜೋಳದ ಗರಿಯೋ ತಂತಿಗೆ ಒರಗಿರುತ್ತದೆ. ಕರೆಂಟು ಅಲ್ಲೇ ನೆಲಕ್ಕೆ ಇಳಿದುಹೋಗುತ್ತಿರುತ್ತದೆ. ಮಷಿನ್ ಹತ್ತಿರ ದೀಪ ಮಿನುಗುತ್ತದೆ, ಹೊಲದ ತುದಿಯಲ್ಲಿ ತಂತಿ ಸತ್ತಿರುತ್ತದೆ. ಬೇಲಿ ಪರೀಕ್ಷಿಸುವ ಮೀಟರ್ ಒಂದನ್ನು ಕೊಳ್ಳಿ. ಮಷಿನ್‌ನಿಂದ ಅತಿ ದೂರದ ಗೂಟದ ಹತ್ತಿರ 4,000 ವೋಲ್ಟ್‌ಗಿಂತ ಕಡಿಮೆ ತೋರಿಸಿದರೆ ಹುಲ್ಲು ಸವರಿ. ಆಮೇಲೂ ಏರದಿದ್ದರೆ ಅರ್ತಿಂಗ್ ನೋಡಿ: ಒಂದು ಸರಳಿನ ಬದಲು ಮೂರು, ನಡುವೆ ಹತ್ತಡಿ ಬಿಟ್ಟು, ತೇವ ಇರುವ ನೆಲದಲ್ಲಿ.

ಇನ್ನೊಂದು ಮಾತು. ಬೇಲಿಯನ್ನು ಬೆಳೆ ರುಚಿ ಹತ್ತುವ ಮೊದಲೇ ಚಾಲೂ ಮಾಡಬೇಕು. ಒಮ್ಮೆ ಹಾಲುಗಾಳು ತಿಂದ ಹಿಂಡು ಪೆಟ್ಟು ತಿಂದರೂ ಮತ್ತೆ ಬರುತ್ತದೆ. ಮೊದಲ ರಾತ್ರಿಯೇ ಮೂತಿಗೆ ಪೆಟ್ಟು ಬಿದ್ದ ಹೆಣ್ಣು ಹಂದಿ ತನ್ನ ಮರಿಗಳನ್ನೂ ಆ ಕಡೆ ಕರೆತರುವುದಿಲ್ಲ. ಹಗಲು ‘ಬ್ಯಾಟರಿ ಉಳಿಯಲಿ’ ಎಂದು ಆಫ್ ಮಾಡುವವರಿದ್ದಾರೆ. ಸಂಜೆ ಆನ್ ಮಾಡಲು ಮರೆತ ಒಂದು ದಿನ ಸಾಕು, ತಂತಿ ಸುಮ್ಮನೆ ತಂತಿ ಎಂದು ಅವು ಕಲಿಯಲು.

ಹೊಲದ ಅಂಚಿಗೆ ಲಂಟಾನ ಇದೆಯೇ? ಹಗಲು ಅವು ಮಲಗುವುದು ಅಲ್ಲೇ. ಬೇಲಿಯ ಹೊರಗೆ ಹತ್ತು ಹದಿನೈದು ಅಡಿ ಬೋಳು ಜಾಗ ಮಾಡಿ. ಮೆಕ್ಕೆಜೋಳದ ಸುತ್ತ ನಾಲ್ಕು ಸಾಲು ಹರಳು (ಔಡಲ) ಗಿಡ ಹಾಕುವುದೂ ಸ್ವಲ್ಪ ತಡೆಯುತ್ತದೆ. ಹಳೆ ಸೀರೆ, ಕ್ಷೌರದಂಗಡಿಯ ಕೂದಲು, ಪಟಾಕಿ – ಇವೆಲ್ಲ ಕೆಲವು ರಾತ್ರಿಯ ಉಪಾಯ. ಕೊಯ್ಲಿಗೆ ಒಂದೇ ವಾರ ಇದ್ದರೆ ಬಳಸಿ, ಎರಡು ತಿಂಗಳಿಗೆ ನೆಚ್ಚಿಕೊಳ್ಳಬೇಡಿ. ಸಾಧ್ಯವಾದರೆ ಅಕ್ಕಪಕ್ಕದ ನಾಲ್ಕು ಹೊಲದವರು ಸೇರಿ ಒಂದೇ ಬೇಲಿ ಹಾಕಿ. ತಲೆಗೆ ಬೀಳುವ ಖರ್ಚು ಇಳಿಯುತ್ತದೆ, ನಿಮ್ಮ ಹೊಲದಿಂದ ಓಡಿದ್ದು ಅಣ್ಣನ ಹೊಲಕ್ಕೆ ನುಗ್ಗುವುದೂ ತಪ್ಪುತ್ತದೆ.

ಪ್ರಶ್ನೆ: ನಮಗೆ ಕೋವಿಗೆ ಲೈಸೆನ್ಸ್ ಬೇಕಿಲ್ಲ. ತೋಟ ಅಗೆಯುವ ಹಂದಿಗೆ ನಮ್ಮ ಜಾಗದಲ್ಲೇ ಗುಂಡು ಹೊಡೆದರೆ ತಪ್ಪೇನು? ಕೇರಳದಲ್ಲಿ ಪಂಚಾಯ್ತಿಯವರೇ ಹೊಡೆಸುತ್ತಾರಂತಲ್ಲ.
– ವಿರಾಜಪೇಟೆ ಕಡೆಯ ಕಾಫಿ ಬೆಳೆಗಾರರು

ಉತ್ತರ: ಕೋವಿ ಇಟ್ಟುಕೊಳ್ಳುವುದು ಬೇರೆ, ಅದರಿಂದ ಬೇಟೆಯಾಡುವುದು ಬೇರೆ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಸಿಕ್ಕಿರುವ ವಿನಾಯಿತಿ ಶಸ್ತ್ರಾಸ್ತ್ರ ಕಾಯ್ದೆಯದು. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿದೆ. ಹಂದಿಯನ್ನು ಕಾಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. 2022ರ ತಿದ್ದುಪಡಿಯ ನಂತರ ಕಾಡುಹಂದಿ ಅದರ ಎರಡನೇ ಅನುಸೂಚಿಯಲ್ಲಿದೆ, ಅಂದರೆ ರಕ್ಷಿತ ಪ್ರಾಣಿಗಳ ಪಟ್ಟಿಯಲ್ಲಿದೆ. ಅನುಮತಿಯಿಲ್ಲದೆ ಹೊಡೆದರೆ ಮೂರು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಬಯಲುಸೀಮೆಯಲ್ಲಿ ಬೆಳೆ ರಕ್ಷಣೆಗೆಂದು ಬಂದೂಕಿನ ಲೈಸೆನ್ಸ್ ಪಡೆದವರಿಗೂ ಇದೇ ಮಾತು.

ದಾರಿ ಇಲ್ಲವೆಂದಲ್ಲ. ಕಾಯ್ದೆಯ 11ನೇ ಕಲಮಿನಲ್ಲಿ, ಜೀವಕ್ಕೋ ಆಸ್ತಿಗೋ ಅಪಾಯ ಒಡ್ಡುವ ಎರಡನೇ ಅನುಸೂಚಿಯ ಪ್ರಾಣಿಯನ್ನು ಕೊಲ್ಲಲು ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿ ಲಿಖಿತ ಆದೇಶ ಕೊಡಬಹುದು. ಆಸ್ತಿ ಎಂದರೆ ಹೊಲದಲ್ಲಿ ನಿಂತ ಬೆಳೆಯೂ ಸೇರಿತು. ಕೇರಳ 2022ರಲ್ಲಿ ಪಂಚಾಯ್ತಿ ಅಧ್ಯಕ್ಷರನ್ನು ಗೌರವ ವನ್ಯಜೀವಿ ಪರಿಪಾಲಕರನ್ನಾಗಿ ಮಾಡಿ ಕಾಡುಹಂದಿ ಹೊಡೆಸುವ ಅಧಿಕಾರ ಕೊಟ್ಟಿತು. ಹಾಗೆಂದು ಅಲ್ಲಿಯೂ ಯಾರೆಂದರೆ ಅವರು ಹೊಡೆಯುವಂತಿಲ್ಲ. ವಿಷ, ಸಿಡಿಮದ್ದು, ಕರೆಂಟು ಯಾವುದನ್ನೂ ಬಳಸುವಂತಿಲ್ಲ. ಜೀವ ಉಳಿಸಿಕೊಳ್ಳಲು ಕೊಂದರೆ ಅಪರಾಧವಲ್ಲ, ಆದರೆ ಸತ್ತ ಪ್ರಾಣಿ ಸರ್ಕಾರದ್ದು. ಮಾಂಸ ಹಂಚಿಕೊಂಡರೆ ಆ ರಕ್ಷಣೆಯನ್ನು ನೀವೇ ಕಳೆದುಕೊಂಡಂತೆ.

ಪ್ರಶ್ನೆ: ಮಗ ಅಮೆರಿಕದ ಟೆಕ್ಸಾಸ್‌ನಲ್ಲಿದ್ದಾನೆ. ಅಲ್ಲಿ ಹೆಲಿಕಾಪ್ಟರ್‌ನಲ್ಲಿ ಕೂತು ಹಂದಿ ಹೊಡೆಯುತ್ತಾರಂತೆ. ಇಲ್ಲಿ ಯಾಕೆ ಇಷ್ಟು ಕಟ್ಟುಪಾಡು?
– ದಾವಣಗೆರೆಯ ಓದುಗರು

ಉತ್ತರ: ನಿಜ, 2011ರ ಕಾನೂನಿನಿಂದ ಅದಕ್ಕೆ ದಾರಿಯಾಯಿತು. ಜಮೀನುದಾರರ ಒಪ್ಪಿಗೆ ಇದ್ದರೆ ಖಾಸಗಿ ಜಮೀನಿನಲ್ಲಿ ಹಂದಿ ಹೊಡೆಯಲು 2019ರಿಂದ ಬೇಟೆ ಲೈಸೆನ್ಸೂ ಬೇಕಿಲ್ಲ. ಆದರೆ ಅಮೆರಿಕದ ನೆಲಕ್ಕೆ ಹಂದಿ ಪರಕೀಯ. 16ನೇ ಶತಮಾನದಲ್ಲಿ ಸ್ಪೇನಿನವರು ತಂದದ್ದರ ಸಂತತಿಯೂ ಅದರಲ್ಲಿದೆ. ನಮ್ಮದು ಈ ಕಾಡಿನದೇ ಪ್ರಾಣಿ. ಹುಲಿ, ಚಿರತೆ, ಕೆನ್ನಾಯಿಗಳ ಆಹಾರ.

ನನಗೆ ಹೆಚ್ಚು ಮುಖ್ಯವಾಗಿ ಕಂಡದ್ದು ಅದೇ ದೇಶದ ಮಿಸೌರಿ ರಾಜ್ಯದ ಅನುಭವ. ಅಲ್ಲಿನ ಸಂರಕ್ಷಣಾ ಇಲಾಖೆ 2016ರಲ್ಲಿ ತನ್ನ ಜಮೀನುಗಳಲ್ಲಿ ಹಂದಿ ಬೇಟೆಯನ್ನೇ ನಿಲ್ಲಿಸಿತು. ಹಿಂಡಿನಲ್ಲಿ ಒಂದೆರಡನ್ನು ಹೊಡೆದರೆ ಉಳಿದವು ಚೆದುರಿ ಹೊಸ ಜಾಗಗಳಿಗೆ ಹರಡುತ್ತಿದ್ದವು. ಅದಕ್ಕೇ ಬೋನು ಹಾಕಿ ಇಡೀ ಹಿಂಡನ್ನು ಒಟ್ಟಿಗೆ ಹಿಡಿಯುವ ಕ್ರಮಕ್ಕೆ ಬಂದರು. ಹಂದಿಯ ಗಬ್ಬ ಸುಮಾರು 115 ದಿನ, ಒಂದು ಸೂಲಿಗೆ ನಾಲ್ಕಾರು ಮರಿ. ಒಂಟಿ ಗಂಡನ್ನು ಹೊಡೆದು ಫೋಟೊ ತೆಗೆಸಿಕೊಂಡರೆ ಹೊಲಕ್ಕೇನೂ ಲಾಭವಿಲ್ಲ.

ಪ್ರಶ್ನೆ: ಪಕ್ಕದ ಹೊಲದವರು ಪಂಪ್‌ಸೆಟ್ಟಿನ ಲೈನಿನಿಂದ ನೇರವಾಗಿ ಬೇಲಿಗೆ ಕರೆಂಟು ಕೊಡುತ್ತಾರೆ. ಹೇಳಿದರೆ ಜಗಳವಾಗುತ್ತದೆ.
– ಹೆಸರು ಬೇಡವೆಂದ ಓದುಗರು

ಉತ್ತರ: ಇವತ್ತೇ ವಿದ್ಯುತ್ ಕಚೇರಿಗೂ ಪೊಲೀಸರಿಗೂ ತಿಳಿಸಿ. ಸೌರ ಬೇಲಿ ಸೆಕೆಂಡಿಗೊಮ್ಮೆ, ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು ಹೊಡೆದು ಬಿಡುತ್ತದೆ. ಮುಟ್ಟಿದವರು ಕೈ ಎಳೆದುಕೊಳ್ಳಬಹುದು. ಲೈನಿನ ಕರೆಂಟು ಬಿಡುವುದಿಲ್ಲ. ಇಂಥ ಒಂದು ಬೇಲಿಯ ಮಹಜರಿಗೆ ನಾನು ಹೋಗಿದ್ದೆ. ಸತ್ತಿದ್ದು ಹಂದಿಯಲ್ಲ, ನಸುಕಿನಲ್ಲಿ ಹುಲ್ಲು ಕೊಯ್ಯಲು ಬಂದ ಆ ಮನೆಯದೇ ಹೆಣ್ಣುಮಗಳು. ತಂತಿ ಕಟ್ಟಿದವರು ಅವರ ಗಂಡ. ಕುಡುಗೋಲು ಇನ್ನೂ ಬದುವಿನ ಮೇಲೆ ಬಿದ್ದಿತ್ತು, ಪಕ್ಕದಲ್ಲಿ ಅರ್ಧ ಕಟ್ಟಿದ ಹುಲ್ಲಿನ ಹೊರೆ.

ಉರುಳೂ ಸಿಡಿಮದ್ದೂ ಹೀಗೆಯೇ, ಯಾರ ಕಾಲು, ಯಾರ ಬಾಯಿ ಎಂದು ನೋಡುವುದಿಲ್ಲ. 2020ರ ಮೇ ತಿಂಗಳಲ್ಲಿ ಪಾಲಕ್ಕಾಡಿನಲ್ಲಿ ಗಬ್ಬದ ಆನೆಯೊಂದು ಬಾಯಿ ಸಿಡಿದು, ನೋವು ತಾಳಲಾರದೆ ಹೊಳೆಯ ನೀರಿನಲ್ಲಿ ನಿಂತೇ ಸತ್ತದ್ದನ್ನು ಯಾರೂ ಮರೆತಿರಲಿಕ್ಕಿಲ್ಲ. ಅಂಥ ಮದ್ದನ್ನು ಇಡುತ್ತಿದ್ದುದು ಹಂದಿಗೆ.

ಪ್ರಶ್ನೆ: ಬೆಳೆ ಹೋದರೆ ಪರಿಹಾರ ಸಿಗುತ್ತದೆಯೇ?
– ಶಿರಸಿ ತಾಲ್ಲೂಕಿನ ಓದುಗರು

ಉತ್ತರ: ಸಿಗುತ್ತದೆ, ಆದರೆ ಕಳೆದುಕೊಂಡಷ್ಟು ಸಿಗುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಹಾನಿಯಾದ ಬೆಳಿಗ್ಗೆಯೇ ಫಾರೆಸ್ಟ್ ಗಾರ್ಡ್‌ಗೆ ಫೋನು ಮಾಡಿ, ವಲಯ ಅರಣ್ಯಾಧಿಕಾರಿಗೆ ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿಗಳೊಂದಿಗೆ ಅರ್ಜಿ ಕೊಡಿ. ಅರ್ಜಿಗಳು ಅರಣ್ಯ ಇಲಾಖೆಯ ಆನ್‌ಲೈನ್ ‘ಇ-ಪರಿಹಾರ’ ವ್ಯವಸ್ಥೆಗೆ ಹೋಗುತ್ತವೆ. ಅರ್ಜಿ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ. ಅವರು ಬಂದು ನೋಡುವವರೆಗೆ ಮುರಿದ ಗಿಡ ಕಿತ್ತು ದನಕ್ಕೆ ಹಾಕಬೇಡಿ, ಅಗೆದ ಮಣ್ಣು ಮುಚ್ಚಬೇಡಿ. ಗೊರಸಿನ ಗುರುತಿನ ಪಕ್ಕ ಬೆಂಕಿಪೊಟ್ಟಣ ಇಟ್ಟು ಫೋಟೊ ತೆಗೆಯಿರಿ. ಮೆತ್ತನೆಯ ಮಣ್ಣಿನಲ್ಲಿ ಹಂದಿಯ ಎರಡು ಗೊರಸಿನ ಹಿಂದೆ, ಸ್ವಲ್ಪ ಹೊರಚಾಚಿದಂತೆ, ಇನ್ನೆರಡು ಚುಕ್ಕೆ ಮೂಡಿರುತ್ತವೆ. ಅದು ಫೋಟೊದಲ್ಲಿ ಕಾಣಿಸಲಿ. ಬೀಡಾಡಿ ದನ ತಿಂದದ್ದು ಎಂದು ಅರ್ಜಿ ತಳ್ಳಿಹಾಕಲು ಆಗುವುದಿಲ್ಲ.