ಮಾರಿಷಸ್‌ನ ಪೋರ್ಟ್ ಲೂಯಿಸ್ ಆ ಮೂಲೆಯಲ್ಲೇ ಯಾಕೆ ರಾಜಧಾನಿ ಆಯ್ತು?

ನೀವು ಕೇಳಿದ್ದು ಇಷ್ಟು: ಮಾರಿಷಸ್ ನಕ್ಷೆಯಲ್ಲಿ ರಾಜಧಾನಿ ದ್ವೀಪದ ನಡುವೆ ಇಲ್ಲ, ವಾಯವ್ಯದ ಅಂಚಿನಲ್ಲಿದೆ, ಹಿಂದೆ ಬೆಟ್ಟ, ಮುಂದೆ ಸಮುದ್ರ. ಆ ಜಾಗವನ್ನೇ ಯಾಕೆ ಹಿಡಿದರು, ಊರಿನ ಕಥೆ ಏನು, ಒಂದು ದಿನದಲ್ಲಿ ನೋಡಬಹುದಾ?

ಮೊದಲನೇ ಪ್ರಶ್ನೆಗೆ ಒಂದೇ ಪದದ ಉತ್ತರ ಇದೆ: ಗಾಳಿ. ನಾನು ಕೆಲಸದ ಮೇಲೆ ಕೆಲಕಾಲ ಅಲ್ಲಿದ್ದೆ. ಮನೆ ಇದ್ದದ್ದು ದ್ವೀಪದ ನಡುವಿನ ಎತ್ತರದ ಊರಾದ ಕ್ಯೂರ್ಪಿಪ್ ಕಡೆ, ಕೆಲಸ ಕೆಳಗೆ ಪೋರ್ಟ್ ಲೂಯಿಸ್‌ನಲ್ಲಿ. ಬೆಳಿಗ್ಗೆ ಮನೆ ಬಿಡುವಾಗ ಸ್ವೆಟರ್, ಕೊಡೆ ಬೇಕು. ಕೆಳಗಿಳಿದ ಮೇಲೆ ಅಂಗಿ ಬೆವರಿಗೆ ಅಂಟಿಕೊಳ್ಳುತ್ತದೆ. ನಡುವಿನ ದೂರ ಇಪ್ಪತ್ತು ಚಿಲ್ಲರೆ ಕಿಲೋಮೀಟರ್, ಅಷ್ಟೇ. ಈ ವ್ಯತ್ಯಾಸಕ್ಕೆ ಕಾರಣವಾದ ಗಾಳಿ ಮತ್ತು ಬೆಟ್ಟಗಳೇ ಊರನ್ನೂ ಅಲ್ಲಿ ಹುಟ್ಟಿಸಿದವು.

ಮೊದಲು ನೆಲದ ವಿಷಯ. ಮಾರಿಷಸ್ ಪೂರ್ತಿ ಜ್ವಾಲಾಮುಖಿಯಿಂದ ಎದ್ದ ದ್ವೀಪ. ಸುಮಾರು 80ರಿಂದ 90 ಲಕ್ಷ ವರ್ಷಗಳ ಹಿಂದೆ ಸಮುದ್ರದ ಮೇಲೆ ತಲೆ ಎತ್ತಿತು. ಭೂಮಿಯ ಆಳದಲ್ಲಿ ಒಂದು ಕಡೆ ಬಿಸಿ ಶಿಲಾರಸ ಮೇಲಕ್ಕೆ ಒತ್ತುತ್ತಲೇ ಇದೆ. ಅದರ ಮೇಲೆ ಭೂಫಲಕ ಸರಿದು ಹೋದಂತೆ ಒಂದರ ಹಿಂದೆ ಒಂದು ದ್ವೀಪ ಹುಟ್ಟುತ್ತದೆ. ಈಗ ಆ ಬಿಸಿಯ ಮೇಲೆ ಕೂತಿರುವುದು ಮಾರಿಷಸ್ ಅಲ್ಲ. ಇನ್ನೂರು ಚಿಲ್ಲರೆ ಕಿಲೋಮೀಟರ್ ನೈಋತ್ಯಕ್ಕಿರುವ ರಿಯೂನಿಯನ್. ಅಲ್ಲಿನ ಜ್ವಾಲಾಮುಖಿ ಇವತ್ತಿಗೂ ಆಗಾಗ ಲಾವಾ ಉಗುಳುತ್ತದೆ. ಮಾರಿಷಸ್‌ನಲ್ಲಿ ಕೊನೆಯ ಲಾವಾ ಹರಿದು ಹತ್ತಾರು ಸಾವಿರ ವರ್ಷ ಆಗಿದೆ.

ಇದೇ ಸರಪಳಿಯನ್ನು ಹಿಂದಕ್ಕೆ ಹಿಡಿದುಕೊಂಡು ಹೋದರೆ ಮಾಲ್ಡೀವ್ಸ್, ಲಕ್ಷದ್ವೀಪ ದಾಟಿ ನಮ್ಮಲ್ಲಿಗೇ ಬರುತ್ತೀರಿ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭಾರತದ ಭೂಭಾಗ ಆ ಬಿಸಿಯ ಮೇಲಿತ್ತು. ಆಗ ಹರಿದ ಲಾವಾವೇ ದಖ್ಖನ್ ಪ್ರಸ್ಥಭೂಮಿಯ ಕಪ್ಪು ಬಂಡೆ. ವಿಜಯಪುರ, ಬೆಳಗಾವಿ, ಕಲಬುರಗಿ ಕಡೆಯ ಎರೆಮಣ್ಣು ಆ ಬಂಡೆ ಸವೆದು ಆದದ್ದು. ಗೋಲಗುಮ್ಮಟ ಕಟ್ಟಿರುವುದೂ ಅದೇ ಜಾತಿಯ ಕಲ್ಲಿನಿಂದ. ಹಾಗಾಗಿ ಪೋರ್ಟ್ ಲೂಯಿಸ್‌ನ ಹಳೆಯ ಗೋದಾಮು, ಕೋಟೆಗಳ ಕಪ್ಪು ಕಲ್ಲಿನ ಗೋಡೆ ಉತ್ತರ ಕರ್ನಾಟಕದವರಿಗೆ ಹೊಸದು ಅನ್ನಿಸುವುದಿಲ್ಲ.

ಊರಿನ ಬೆನ್ನಿಗೆ ಇರುವುದು ಮೋಕಾ ಬೆಟ್ಟಸಾಲು. ಬಹಳ ಹಳೆಯ, ದೊಡ್ಡ ಜ್ವಾಲಾಮುಖಿಯೊಂದು ಸವೆದು ಉಳಿದ ಅಂಚು ಅದು. ಊರನ್ನು ಕಮಾನಿನಂತೆ ಬಳಸಿ ನಿಂತಿದೆ. ಅದರಲ್ಲಿ ಎರಡು ಶಿಖರ ತಕ್ಷಣ ಗುರುತು ಸಿಗುತ್ತವೆ. ಹೆಬ್ಬೆರಳು ಎತ್ತಿದಂತಿರುವುದು ಲೆ ಪೂಸ್, ಸುಮಾರು 812 ಮೀಟರ್. ತುದಿಯಲ್ಲಿ ಗುಂಡುಕಲ್ಲು ಹೊತ್ತಿರುವುದು ಪೀಟರ್ ಬೋತ್, 820 ಮೀಟರ್. 1615ರಲ್ಲಿ ಈ ದ್ವೀಪದ ಹತ್ತಿರ ಹಡಗು ಒಡೆದು ಮುಳುಗಿ ಸತ್ತ ಡಚ್ ಗವರ್ನರ್ ಜನರಲ್‌ನ ಹೆಸರು ಅದು. ಊರಿನ ಪಶ್ಚಿಮಕ್ಕೆ ಇರುವ ಗಿಡ್ಡ ಬೆಟ್ಟ ಸಿಗ್ನಲ್ ಮೌಂಟನ್. ಯಾವ ಹಡಗು ಬರುತ್ತಿದೆ ಎಂದು ಅದರ ತುದಿಯಿಂದ ಬಾವುಟ ಏರಿಸಿ ಊರಿಗೆ ತಿಳಿಸುತ್ತಿದ್ದರು.

ಈಗ ಗಾಳಿಗೆ ಬರೋಣ. ಅಲ್ಲಿ ವರ್ಷದ ಹೆಚ್ಚಿನ ಕಾಲ ಆಗ್ನೇಯದಿಂದಲೇ ಗಾಳಿ ಬೀಸುತ್ತದೆ. 1598ರಲ್ಲಿ ಬಂದ ಡಚ್ಚರು ಇಳಿದಿದ್ದು ಆ ಆಗ್ನೇಯ ದಂಡೆಯಲ್ಲೇ, ಈಗ ಗ್ರಾಂಡ್ ಪೋರ್ಟ್ ಎನ್ನುವ ಕೊಲ್ಲಿಯಲ್ಲಿ. ಹಾಯಿಹಡಗಿಗೆ ಅಲ್ಲಿ ಒಳಗೆ ಹೋಗುವುದು ಸಲೀಸು. ಗಾಳಿಯೇ ತಳ್ಳುತ್ತದೆ. ಹೊರಗೆ ಬರುವುದೇ ಕಷ್ಟ. ಎದುರುಗಾಳಿ, ಅಕ್ಕಪಕ್ಕ ಹವಳದ ದಿಬ್ಬ. ಡಚ್ಚರು ಎರಡು ಸಲ ನೆಲೆಸಲು ನೋಡಿ, ಚಂಡಮಾರುತ, ಇಲಿ, ಓಡಿಹೋದ ಗುಲಾಮರು ಎಂದೆಲ್ಲ ಸಾಕಾಗಿ 1710ರಲ್ಲಿ ಬಿಟ್ಟುಹೋದರು. ಅಷ್ಟರೊಳಗೆ ಡೋಡೋ ಹಕ್ಕಿಯ ಕಥೆ ಮುಗಿದಿತ್ತು.

1715ರಲ್ಲಿ ಫ್ರೆಂಚರು ದ್ವೀಪ ಹಿಡಿದು ಇಲ್ ದ ಫ್ರಾನ್ಸ್ ಎಂದು ಹೆಸರಿಟ್ಟರು. ಶುರುವಿನಲ್ಲಿ ಅವರಿಗೂ ಆಗ್ನೇಯದ ಬಂದರಿನ ಮೇಲೇ ಕಣ್ಣಿತ್ತು. ಆಮೇಲೆ ವಾಯವ್ಯದ ಗುಣ ಗೊತ್ತಾಯಿತು. ಬೆಟ್ಟಸಾಲು ಗಾಳಿಗೆ ಅಡ್ಡ ನಿಂತಿದೆ, ಹಾಗಾಗಿ ನೀರು ಶಾಂತ. ಬೆಟ್ಟದಿಂದ ತೊರೆಗಳು ಬಂದು ಸಮುದ್ರ ಸೇರುತ್ತವೆ. ಸಿಹಿನೀರು, ಕೆಸರು ಇದ್ದ ಕಡೆ ಹವಳ ಬೆಳೆಯುವುದಿಲ್ಲ. ಆದ್ದರಿಂದ ದ್ವೀಪವನ್ನು ಸುತ್ತಿರುವ ಹವಳದ ದಿಬ್ಬ ಅಲ್ಲಿ ಬಾಗಿಲು ತೆಗೆದಂತೆ ಕಡಿದಿದೆ. ಹಡಗು ಹೊರಡುವಾಗ ಗಾಳಿ ಹಿಂದಿನಿಂದ ಬರುತ್ತದೆ. ಒಳಗೆ ಬರುವಾಗ ಮಾತ್ರ ಹಗ್ಗ ಕಟ್ಟಿ ಎಳೆಯಬೇಕಾಗುತ್ತಿತ್ತು, ಅದು ದೊಡ್ಡ ತೊಂದರೆ ಅಲ್ಲ.

1735ರಲ್ಲಿ ಗವರ್ನರ್ ಆಗಿ ಬಂದ ಮಾಹೆ ದ ಲಾ ಬೂರ್ದೊನೆ ಈ ಊರನ್ನು ಕಟ್ಟಿ ನಿಲ್ಲಿಸಿದವನು. ಅವನ ಕಾಲಕ್ಕೇ ಇದು ದ್ವೀಪದ ಮುಖ್ಯ ಊರಾಯಿತು. ಹಡಗು ದುರಸ್ತಿಯ ಜಾಗ, ಆಸ್ಪತ್ರೆ, ಸಿಪಾಯಿಗಳ ವಸತಿ, ನದಿಯಿಂದ ಊರಿಗೆ ನೀರು ತರುವ ಕಾಲುವೆ, ಎಲ್ಲ ಅವನ ಕಾಲದ್ದು. ಅವನ ಪ್ರತಿಮೆ ಇವತ್ತೂ ಬಂದರಿನ ಕಡೆ ಮುಖ ಮಾಡಿ ನಿಂತಿದೆ. ಆದರೆ ಕಲ್ಲು ಹೊತ್ತವರು ಮಡಗಾಸ್ಕರ್, ಮೊಜಾಂಬಿಕ್‌ನಿಂದ ಹಿಡಿದು ತಂದ ಗುಲಾಮರು. ಜೊತೆಗೆ ಪುದುಚೇರಿ ಕಡೆಯಿಂದ ಬಂದ ತಮಿಳು ಕುಶಲಕರ್ಮಿಗಳು. ಕಬ್ಬಿನ ತೋಟಗಳಿಗೆ ಕರಾರಿನ ಮೇಲೆ ಭಾರತದ ಕೂಲಿಗಳು ಬರುವ ನೂರು ವರ್ಷ ಮೊದಲೇ ಊರಿನ ಪೂರ್ವಕ್ಕೆ ಭಾರತೀಯರ ಒಂದು ಕೇರಿ ಇತ್ತು. 1746ರಲ್ಲಿ ಇದೇ ಲಾ ಬೂರ್ದೊನೆ ಇಲ್ಲಿಂದ ಹಡಗುಪಡೆ ಕಟ್ಟಿಕೊಂಡು ಹೋಗಿ ಇಂಗ್ಲಿಷರಿಂದ ಮದರಾಸನ್ನು ಕಿತ್ತುಕೊಂಡ. ಪುದುಚೇರಿಯ ಫ್ರೆಂಚ್ ಗವರ್ನರ್ ಡ್ಯೂಪ್ಲೆ ಜೊತೆ ಜಗಳವಾಗಿ ಕೊನೆಗೆ ಪ್ಯಾರಿಸ್‌ನಲ್ಲಿ ಜೈಲು ಸೇರಿದ.

ಇನ್ನು ಮುಂದಿನದು ಕನ್ನಡಿಗರು ಗಮನ ಕೊಟ್ಟು ಓದಬೇಕಾದ ಭಾಗ. ಮೈಸೂರಿನ ಕೊನೆಯ ಯುದ್ಧದ ನೆಪ ಹುಟ್ಟಿದ್ದು ಈ ಬಂದರಿನಲ್ಲಿ. 1797ರಲ್ಲಿ ರಿಪೋ ಎಂಬ ಫ್ರೆಂಚ್ ನಾವಿಕ ಕೆಟ್ಟುಹೋದ ಹಡಗಿನಲ್ಲಿ ಮಂಗಳೂರಿಗೆ ಬಂದ. ಇಂಗ್ಲಿಷರ ಹಡಗು ದೋಚಲು ಪರವಾನಗಿ ಪಡೆದ ಕಡಲ್ಗಳ್ಳರ ಪೈಕಿಯವನು. ಮಾರಿಷಸ್‌ನಲ್ಲಿ ದೊಡ್ಡ ಫ್ರೆಂಚ್ ಸೈನ್ಯ ನಿಮ್ಮ ಸಹಾಯಕ್ಕೆ ಕಾದಿದೆ ಎಂದು ಟಿಪ್ಪು ಸುಲ್ತಾನನಿಗೆ ನಂಬಿಸಿದ. ಶುದ್ಧ ಬುರುಡೆ. ಟಿಪ್ಪು ಇಬ್ಬರು ದೂತರನ್ನು ಮಂಗಳೂರಿನಿಂದ ಗುಟ್ಟಾಗಿ ಕಳಿಸಿದ. ಅವರು 1798ರ ಜನವರಿಯಲ್ಲಿ ಪೋರ್ಟ್ ಲೂಯಿಸ್ ತಲುಪಿದರು. ಅಲ್ಲಿ ಗವರ್ನರ್ ಮಲಾರ್ತಿಕ್ ಬಳಿ ಕೊಡಲು ಸೈನ್ಯವೇ ಇರಲಿಲ್ಲ. ಗುಟ್ಟಾಗಿಡಿ ಎಂದು ದೂತರು ಬೇಡಿಕೊಂಡರೂ ಅವನು ಬಹಿರಂಗವಾಗಿ ಸ್ವಾಗತಿಸಿದ. ಅಷ್ಟು ಸಾಲದು ಎಂಬಂತೆ, ಇಂಗ್ಲಿಷರನ್ನು ಭಾರತದಿಂದ ಓಡಿಸಲು ಟಿಪ್ಪು ನಮ್ಮ ನೆರವು ಕೇಳಿದ್ದಾನೆ, ಬರುವವರು ಹೆಸರು ಕೊಡಿ ಎಂದು ಪ್ರಕಟಣೆ ಹೊರಡಿಸಿದ. ಸೇರಿದವರು ಸುಮಾರು ನೂರು ಜನ. ಪ್ರಕಟಣೆ ಕಲ್ಕತ್ತೆಯ ಪತ್ರಿಕೆಗೆ ಬಂತು. ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಬೇಕಿದ್ದ ಕಾರಣ ಕೈಗೆ ಸಿಕ್ಕಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಮಲಾರ್ತಿಕ್ ಮರುವರ್ಷ ತೀರಿಕೊಂಡ. ಅವನ ಸಮಾಧಿ ಪೋರ್ಟ್ ಲೂಯಿಸ್‌ನ ಶಾನ್ ದ ಮಾರ್ಸ್ ಮೈದಾನದಲ್ಲಿದೆ. ಈಗ ಅದರ ಸುತ್ತ ಕುದುರೆ ರೇಸ್ ನಡೆಯುತ್ತದೆ. ನಮ್ಮ ಶಾಲೆಯ ಪಾಠದಲ್ಲಿ ಈ ದ್ವೀಪದ ಹೆಸರು ಒಂದು ಸಾಲಿನಲ್ಲಿ ಬಂದು ಹೋಗುತ್ತದೆ ಅಲ್ವಾ? ನನಗೆ ಅದು ಅನ್ಯಾಯ ಅನ್ನಿಸುತ್ತದೆ.

ಆ ಕಡಲ್ಗಳ್ಳರ ಕಾಟ ತಡೆಯಲಾಗದೆ ಬ್ರಿಟಿಷರು 1810ರಲ್ಲಿ ದಂಡೆತ್ತಿ ಬಂದರು. ಆಗಸ್ಟ್‌ನಲ್ಲಿ ಗ್ರಾಂಡ್ ಪೋರ್ಟ್‌ನಲ್ಲಿ ಸೋತರು. ಆದರೆ ನವೆಂಬರ್ ಕೊನೆಯಲ್ಲಿ ಉತ್ತರದ ತುದಿಯಲ್ಲಿ ಇಳಿದು ನೆಲದ ಮೇಲಿಂದ ನಡೆದು ಬಂದರು. ಅವರ ಜೊತೆ ಭಾರತದ ಸಿಪಾಯಿಗಳೂ ಇದ್ದರು. ಡಿಸೆಂಬರ್ 3ಕ್ಕೆ ಊರು ಶರಣಾಯಿತು. ಸಮುದ್ರದ ಕಡೆ ತೋಪು ಇಟ್ಟುಕೊಂಡು ಕೂತ ಊರಿಗೆ ಬೆನ್ನ ಕಡೆಯಿಂದ ಬಂದರೆ ಏನು ಮಾಡಲಾಗುತ್ತದೆ? ಫ್ರೆಂಚರ ಕಾನೂನು, ಭಾಷೆ, ಧರ್ಮ ಹಾಗೇ ಇರಲಿ ಎಂದು ಬ್ರಿಟಿಷರು ಒಪ್ಪಿದರು. ಇವತ್ತೂ ಅಂಗಡಿ ಬೋರ್ಡು ಫ್ರೆಂಚ್‌ನಲ್ಲಿ, ಮನೆಮಾತು ಫ್ರೆಂಚ್‌ನಿಂದ ಹುಟ್ಟಿದ ಕ್ರಿಯೋಲ್, ಸಂಸತ್ತಿನ ಕಾಗದ ಇಂಗ್ಲಿಷ್‌ನಲ್ಲಿ ಇರುವುದಕ್ಕೆ ಮೂಲ ಆ ಒಪ್ಪಂದವೇ.

1835ರಲ್ಲಿ ಗುಲಾಮಗಿರಿ ರದ್ದಾಯಿತು. ಮಾಲೀಕರು ದಂಗೆ ಏಳಬಹುದು ಎಂಬ ಭಯದಲ್ಲೇ ಊರ ನಡುವಿನ ಗುಡ್ಡದ ಮೇಲೆ ಸಿಟಾಡೆಲ್ ಕೋಟೆ ಎದ್ದಿತು. ದಂಗೆ ಆಗಲಿಲ್ಲ. ಮಾಲೀಕರಿಗೆ ಲಂಡನ್ನಿನಿಂದ 20 ಲಕ್ಷ ಪೌಂಡಿಗೂ ಜಾಸ್ತಿ ಪರಿಹಾರ ಬಂತು. ಬಿಡುಗಡೆಯಾದ ಅರವತ್ತು ಸಾವಿರಕ್ಕೂ ಹೆಚ್ಚು ಜನರಿಗೆ ಬಿಡಿಗಾಸೂ ಸಿಗಲಿಲ್ಲ.

ಅವರ ಜಾಗಕ್ಕೆ ಬಂದವರು ಭಾರತೀಯರು. 1834ರ ನವೆಂಬರ್‌ನಲ್ಲಿ ಅಟ್ಲಾಸ್ ಎಂಬ ಹಡಗು ಕಲ್ಕತ್ತೆಯಿಂದ 36 ಕೂಲಿಗಳನ್ನು ತಂದಿಳಿಸಿತು. 1920ರವರೆಗೆ ಕಲ್ಕತ್ತೆ, ಮದರಾಸು, ಬೊಂಬಾಯಿ ಬಂದರುಗಳಿಂದ ಹೆಚ್ಚುಕಡಿಮೆ ಐದು ಲಕ್ಷ ಜನ ಬಂದರು. ಬಿಹಾರಿಗಳೇ ಜಾಸ್ತಿ, ಜೊತೆಗೆ ತಮಿಳರು, ತೆಲುಗರು, ಮರಾಠಿಗರು. ಅವರು ಇಳಿದ ಆಪ್ರವಾಸಿ ಘಾಟ್ ಬಂದರಿನ ಒಳಮೂಲೆಯಲ್ಲಿದೆ. 1849ರಲ್ಲಿ ಕಟ್ಟಿದ್ದು, 2006ರಿಂದ ವಿಶ್ವ ಪರಂಪರೆಯ ತಾಣ. ಸಮುದ್ರದಿಂದ ಹತ್ತುವ ಮೆಟ್ಟಿಲು, ಅಡುಗೆಮನೆ, ಆಸ್ಪತ್ರೆಯ ಭಾಗ, ಸ್ನಾನದ ಜಾಗ. ಎರಡು ದಿನ ಇಲ್ಲಿ ಇಟ್ಟುಕೊಂಡು, ಹೆಸರಿಗೆ ಒಂದು ನಂಬರ್ ಅಂಟಿಸಿ, ಕಬ್ಬಿನ ತೋಟಗಳಿಗೆ ಕಳಿಸುತ್ತಿದ್ದರು. ಹಳೆಯ ಕಟ್ಟಡದಲ್ಲಿ ಉಳಿದಿರುವುದು ಸ್ವಲ್ಪ ಭಾಗ ಮಾತ್ರ. ಅಲ್ಲಿ ನೋಡಲು ಏನೂ ಇಲ್ಲ ಎಂದು ಕೆಲವರು ಪ್ರವಾಸದ ಸೈಟ್‌ಗಳಲ್ಲಿ ಬರೆದಿದ್ದಾರೆ. ಅವರ ಮಾತು ಕೇಳಬೇಡಿ. ಹೀಗೆ ಬಂದವರ ದಾಖಲೆಗಳು ಮೋಕಾ ಊರಿನ ಮಹಾತ್ಮ ಗಾಂಧಿ ಸಂಸ್ಥೆಯಲ್ಲಿವೆ. ಇವತ್ತಿಗೂ ಜನ ಮುತ್ತಜ್ಜನ ಹೆಸರು ಹುಡುಕಿಕೊಂಡು ಅಲ್ಲಿಗೆ ಹೋಗುತ್ತಾರೆ. ಗಾಂಧಿಯವರೇ 1901ರಲ್ಲಿ ದಕ್ಷಿಣ ಆಫ್ರಿಕಾದಿಂದ ಊರಿಗೆ ಮರಳುವಾಗ ಈ ಬಂದರಿನಲ್ಲಿ ಇಳಿದು ಕೆಲವು ವಾರ ಉಳಿದಿದ್ದರು.

ಬೆಟ್ಟ ಕಾಪಾಡಿತು ಅಂದೆ. ಕಾಟವನ್ನೂ ಅದೇ ಕೊಟ್ಟಿತು. ಗಾಳಿ ಇಲ್ಲದ ಕಡೆ ಸೆಖೆ, ನಿಂತ ನೀರು, ಸೊಳ್ಳೆ. 1866ರಿಂದ 68ರವರೆಗೆ ಮಲೇರಿಯಾ ಹಬ್ಬಿ ದ್ವೀಪದಲ್ಲಿ ಹತ್ತಾರು ಸಾವಿರ ಜನ ಸತ್ತರು. ಜಾಸ್ತಿ ಪೆಟ್ಟು ಬಿದ್ದಿದ್ದು ಪೋರ್ಟ್ ಲೂಯಿಸ್‌ಗೆ. ದುಡ್ಡಿದ್ದವರು 1860ರ ದಶಕದಲ್ಲಿ ಹೊಸದಾಗಿ ಬಂದ ರೈಲು ಹತ್ತಿ ಕ್ಯೂರ್ಪಿಪ್‌ನಂಥ ಎತ್ತರದ ತಂಪು ಊರುಗಳಿಗೆ ಹೋಗಿಬಿಟ್ಟರು, ವಾಪಸ್ ಬರಲಿಲ್ಲ. 1869ರಲ್ಲಿ ಸೂಯೆಜ್ ಕಾಲುವೆ ತೆರೆದು ಯುರೋಪಿನಿಂದ ಭಾರತಕ್ಕೆ ಹತ್ತಿರದ ದಾರಿ ಆಯಿತು, ಇಲ್ಲಿಗೆ ಬರುವ ಹಡಗುಗಳೂ ಕಡಿಮೆಯಾದವು. 1892ರ ಏಪ್ರಿಲ್ 29ರ ಚಂಡಮಾರುತದಲ್ಲಿ ಸುಮಾರು 1,200 ಜನ ಸತ್ತರು. ಬೆಟ್ಟಗಳು ಆಗ್ನೇಯದ ಗಾಳಿಗೆ ಅಡ್ಡ ಬರುತ್ತವೆ ಹೊರತು ಸುತ್ತುವ ಚಂಡಮಾರುತಕ್ಕಲ್ಲ. ಇತ್ತೀಚೆಗೆ, 2013ರ ಮಾರ್ಚ್ 30ರಂದು, ಸ್ವಲ್ಪ ಹೊತ್ತು ಸುರಿದ ಜೋರು ಮಳೆಗೆ ನಗರದಲ್ಲಿ 11 ಜನ ಸತ್ತರು. ಮೂರು ಕಡೆ ಬೆಟ್ಟ, ತೊರೆಗಳ ಮೇಲೆ ಕಾಂಕ್ರೀಟ್, ನೀರು ಎಲ್ಲಿಗೆ ಹೋಗಬೇಕು? 2024ರ ಜನವರಿಯಲ್ಲಿ ಬೆಲಾಲ್ ಚಂಡಮಾರುತ ಬಂದಾಗ ಕಾರುಗಳು ಬೀದಿಯಲ್ಲಿ ತೇಲಿದವು. ಬೆಂಗಳೂರಿನ ರಾಜಕಾಲುವೆ ಕಥೆ ಗೊತ್ತಿದ್ದವರಿಗೆ ಇದನ್ನು ವಿವರಿಸಬೇಕಿಲ್ಲ.

ಮಲೇರಿಯಾ ಕಾಲದ ಆ ವಲಸೆ ಇವತ್ತೂ ಊರಿನ ದಿನಚರಿಯಲ್ಲಿ ಕಾಣುತ್ತದೆ. ನಗರದ ಜನಸಂಖ್ಯೆ ಒಂದೂವರೆ ಲಕ್ಷದ ಆಸುಪಾಸು. ಹಗಲು ಕೆಲಸಕ್ಕೆ ಬರುವವರು ಬೇರೆ. ಸಂಜೆ ಐದಕ್ಕೆ ಎಲ್ಲರೂ ಬಸ್ಸು ಹಿಡಿದು ಮೇಲಕ್ಕೆ ಹೊರಡುತ್ತಾರೆ, ರಾತ್ರಿ ಬ್ಯಾಂಕ್ ಬೀದಿಗಳಲ್ಲಿ ಕಾವಲುಗಾರರಷ್ಟೇ. 1964ರಲ್ಲಿ ಪೂರ್ತಿ ನಿಂತ ರೈಲಿನ ಬದಲಿಗೆ ಈಗ ಮೆಟ್ರೊ ಬಂದಿದೆ. ಭಾರತದ ಹಣಸಹಾಯದಲ್ಲಿ ಎಲ್ ಆಂಡ್ ಟಿ ಕಟ್ಟಿದ್ದು. ಹಳೆಯ ರೈಲು ದಾರಿಯ ಬಹುಭಾಗದಲ್ಲೇ ಅದು ಕ್ಯೂರ್ಪಿಪ್‌ವರೆಗೆ ಹತ್ತುತ್ತದೆ.

ಒಂದು ದಿನ ಸಾಕಾ ಅಂದರೆ, ಸಾಕು, ಆದರೆ ವಾರದ ದಿನ ಹೋಗಿ. ಭಾನುವಾರ ಘಾಟ್ ಮುಚ್ಚಿರುತ್ತದೆ, ಅಂಗಡಿಗಳೂ ಬಹುಪಾಲು ಇಲ್ಲ. ಬಿಸಿಲೇರುವ ಮೊದಲು ಸಿಟಾಡೆಲ್ ಹತ್ತಿ. ಒಂದು ಕಡೆ ಬಂದರು, ಇನ್ನೊಂದು ಕಡೆ ಬೆಟ್ಟದ ಕಮಾನು, ಕೆಳಗೆ ಶಾನ್ ದ ಮಾರ್ಸ್. 1968ರ ಮಾರ್ಚ್ 12ರಂದು ಸ್ವತಂತ್ರ ಮಾರಿಷಸ್‌ನ ಬಾವುಟ ಮೊದಲು ಹಾರಿದ್ದು ಅದೇ ಮೈದಾನದಲ್ಲಿ. ಇಳಿದು ಸೆಂಟ್ರಲ್ ಮಾರ್ಕೆಟ್‌ಗೆ ಬಂದು ದಾಲ್ ಪೂರಿ ತಿನ್ನಿ. ಕಡಲೆಬೇಳೆಯಂಥ ಬೇಳೆ ತುಂಬಿದ, ಸಿಹಿ ಹಾಕದ ಹೋಳಿಗೆ ಅಂದುಕೊಳ್ಳಿ. ಆಮೇಲೆ ಘಾಟ್, ಡೋಡೋ ಅಸ್ಥಿಪಂಜರ ಇರುವ ವಸ್ತುಸಂಗ್ರಹಾಲಯ. 1847ರಲ್ಲಿ ಮಾರಿಷಸ್ ಹೊರತಂದ ಮೊದಲ, ಈಗ ಬಹಳ ಅಪರೂಪದ ಅಂಚೆಚೀಟಿ ನೋಡುವ ಆಸೆ ಇದ್ದರೆ ಕೊಡಾನ್ ದಂಡೆಯ ಬ್ಲೂ ಪೆನ್ನಿ ಮ್ಯೂಸಿಯಂ. ಬೆಳಕಿಗೆ ಚೀಟಿ ಮಾಸಬಾರದು ಎಂದು ಅಸಲಿಗೆ ಸ್ವಲ್ಪ ಹೊತ್ತು ಮಾತ್ರ ದೀಪ ಹಾಕುತ್ತಾರೆ, ಉಳಿದ ಹೊತ್ತು ನಕಲು. ಒಳಗೆ ಹೋಗುವ ಮೊದಲೇ ಸಮಯ ಕೇಳಿಕೊಳ್ಳಿ. ಕಾಲಿನಲ್ಲಿ ಶಕ್ತಿ ಇದ್ದರೆ ಲೆ ಪೂಸ್‌ಗೆ ಇನ್ನೊಂದು ಬೆಳಿಗ್ಗೆ ಇಟ್ಟುಕೊಳ್ಳಿ. 1836ರಲ್ಲಿ ಚಾರ್ಲ್ಸ್ ಡಾರ್ವಿನ್ ಹತ್ತಿದ ಬೆಟ್ಟ ಅದು. ಮೋಕಾ ಕಡೆಯ ದಾರಿ ಸುಲಭ. ಮಳೆ ಬಂದ ಮರುದಿನ ಬೇಡ, ಕಲ್ಲು ಜಾರುತ್ತದೆ.