ಅದು ಸರ್ವರ್ರೇ ಅಲ್ಲ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಹೆಂಡತಿಯ ಬಲವಂತಕ್ಕೆ ನನ್ನ ಬಳಿ ಆಪ್ತಸಲಹೆಗೆ ಬಂದವರು. ನಲವತ್ತರ ಆಸುಪಾಸು, ಶಿವಮೊಗ್ಗದಲ್ಲೇ ಕಂಪ್ಯೂಟರ್ ಕೆಲಸ. ಮೂರು ತಿಂಗಳಿಂದ ನಿದ್ದೆ ಸರಿಯಿಲ್ಲ, ಮಕ್ಕಳ ಮೇಲೆ ರೇಗಾಟ. ಕಾರಣ ಕೇಳಿದರೆ "ಎಂತದೂ ಇಲ್ಲ ಮೇಡಂ." ಎರಡನೇ ಭೇಟಿಯಲ್ಲಿ ಬಾಯಿಬಿಟ್ಟರು.

ಮನೆಯಲ್ಲೇ ಸರ್ವರ್ (ಸದಾ ಆನ್ ಇದ್ದು ಬೇರೆ ಸಾಧನಗಳಿಗೆ ಫೈಲು ಒದಗಿಸುವ ಕಂಪ್ಯೂಟರ್) ಇಟ್ಟುಕೊಳ್ಳುವ ಹುಚ್ಚಿನ ಐದಾರು ಜನ ಭಾನುವಾರ ಸೇರುತ್ತಿದ್ದರು. ಇವರು ಎಲ್ಲರಿಗೂ 'ಅಣ್ಣ'. ಸಾಗರದ ಕಡೆಯ ಹುಡುಗನೊಬ್ಬ ಹೊಸದಾಗಿ ಬಂದ. ಸ್ಕ್ರೀನ್ ಒಡೆದ ಹಳೇ ಲ್ಯಾಪ್‌ಟಾಪಿಗೆ ಡೆಬಿಯನ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿ, ಅಟ್ಟದಲ್ಲಿ ಅಡಿಕೆ ಚೀಲದ ಪಕ್ಕ ಇಟ್ಟಿದ್ದಾನೆ. ಅಜ್ಜ ಅರ್ಥ ಹೇಳಿದ ತಾಳಮದ್ದಲೆಯ ಕ್ಯಾಸೆಟ್‌ಗಳನ್ನೆಲ್ಲ ಅದಕ್ಕಿಳಿಸಿ, ಮನೆಮಂದಿ ಮೊಬೈಲಲ್ಲಿ ಕೇಳುವ ಹಾಗೆ ಮಾಡಿದ್ದಾನೆ. ಫೋಟೋ ನೋಡಿದ ಇವರು, "ಇದನ್ನ ಸರ್ವರ್ ಅಂತಾರನಾ ಮಾರಾಯ? ಆಫ್ ಮಾಡೋದು ಮರೆತ ಲ್ಯಾಪ್‌ಟಾಪು" ಅಂದರು. ಎಲ್ಲರೂ ನಕ್ಕರು, ಹುಡುಗನೂ ನಕ್ಕ. ಮುಂದಿನ ವಾರ ಬರಲಿಲ್ಲ. ಆಮೇಲೆ ಉಳಿದವರೂ ಒಬ್ಬೊಬ್ಬರಾಗಿ ನೆಪ ಹೇಳತೊಡಗಿದರು.

"ನಾನು ಹೇಳಿದ್ದು ಸುಳ್ಳಾ ಮೇಡಂ?" ಎಂದು ನನ್ನ ಮೇಜಿನ ಮೇಲಿದ್ದ ಚೀಟಿ ತಿರುಗಿಸಿ ತಮ್ಮ ಮನೆಯ ನಕ್ಷೆ ಬರೆದರು: ಕಬ್ಬಿಣದ ರ‍್ಯಾಕು, ನಾಲ್ಕು ಡಿಸ್ಕು, ಯುಪಿಎಸ್ಸು. ಗೆರೆಗೆ ಗೆರೆ ತಾಗದಷ್ಟು ಅಚ್ಚುಕಟ್ಟು. ಆ ಹತ್ತು ನಿಮಿಷ ಬೇರೆಯೇ ಮನುಷ್ಯ. ಕರೆಂಟ್ ಎಷ್ಟು ಎಳೆಯುತ್ತದೆ ಎಂದೆ. 180 ವ್ಯಾಟ್, ಹಗಲೂ ರಾತ್ರಿ. ತಿಂಗಳಿಗೆ ಸುಮಾರು 130 ಯೂನಿಟ್. ಹುಡುಗನದ್ದು? ಪೆನ್ನು ನಿಂತಿತು. "15 ವ್ಯಾಟ್ ಇರಬಹುದು. 11 ಯೂನಿಟ್. ಬ್ಯಾಟರಿ ಇದ್ದರೆ ಕರೆಂಟ್ ಹೋದರೂ ಸ್ವಲ್ಪ ಹೊತ್ತು ನಡೀತದೆ."

ಮುಳ್ಳು ಇದ್ದದ್ದು ಅಲ್ಲೇ. ಸಾಲ ಮಾಡಿ ಕೊಂಡು, ವರ್ಷಗಟ್ಟಲೆ ನಿದ್ದೆಗೆಟ್ಟು ಕಲಿತದ್ದಕ್ಕೆ ಬೆಲೆ ಉಳಿಯಬೇಕಾದರೆ, ಹುಡುಗನದ್ದು ಸರ್ವರ್ ಆಗಿರಕೂಡದು.

ಹುಡುಗನ ಡೆಬಿಯನ್ನಿಗೆ ತಳಹದಿಯಾದ ಲಿನಕ್ಸ್ ಹುಟ್ಟಿದ ಕತೆಯನ್ನು ನನಗೆ ಹೇಳಿದ್ದೂ ಇವರೇ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ತನ್ನ 386 ಚಿಪ್ಪಿನ ಪಿಸಿಯಲ್ಲಿ ಶುರುಮಾಡಿ, ಇದು ಬರೀ ಹವ್ಯಾಸ, ದೊಡ್ಡದೇನೂ ಆಗಲ್ಲ ಎಂದು ಬರೆದನಂತೆ. "ಅವತ್ತು ನೀವು ಅಲ್ಲಿದ್ದಿದ್ದರೆ ಏನಂತಿದ್ದಿರಿ?" ಎಂದೆ. ನಗು ಬರಲಿಲ್ಲ. ನಾನು ಅವಸರಪಟ್ಟೆ ಅನಿಸುತ್ತದೆ. ಆ ಪ್ರಶ್ನೆಯನ್ನು ಇನ್ನೊಂದು ಭೇಟಿಗೆ ಇಟ್ಟುಕೊಳ್ಳಬೇಕಿತ್ತು.

ಹುಡುಗನ ವ್ಯವಸ್ಥೆಯಲ್ಲಿ ನಿಜವಾದ ಕೊರತೆ ಇಲ್ಲವೇ ಇಲ್ಲವಾ ಎಂದು ಆಮೇಲೆ ಕೇಳಿದೆ. ಇತ್ತು. ಸದಾ ಚಾರ್ಜಿನಲ್ಲಿರುವ ಹಳೇ ಬ್ಯಾಟರಿ ಉಬ್ಬಬಹುದು, ಅಟ್ಟದ ಬಿಸಿಗೆ ಇನ್ನೂ ಬೇಗ. ಕ್ಯಾಸೆಟ್‌ಗಳ ಪ್ರತಿ ಒಂದೇ ಡಿಸ್ಕಿನಲ್ಲಿದೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ ಎನ್ನುವುದು ಬ್ಯಾಕಪ್ಪಿನ ಹಳೇ ಲೆಕ್ಕ. "ಇದನ್ನು ಅವನಿಗೆ ಹೇಳಿದ್ದಿರಾ?" ಇಲ್ಲ.

ನಾನು ಕೊಟ್ಟ ಸಲಹೆ ಇಷ್ಟು. ಮೆಸೇಜಿನಲ್ಲಿ ಕ್ಷಮೆ ಬೇಡ, ಅದು ವಾದಕ್ಕೆ ತಿರುಗುತ್ತದೆ. ಮನೆಗೇ ಹೋಗಿ. ಮೊದಲು ಒಂದು ಕ್ಯಾಸೆಟ್ ಪೂರ್ತಿ ಕೇಳಿ, ಯಂತ್ರದ ಸುದ್ದಿ ಆಮೇಲೆ. 'ಆವತ್ತು ನಿನ್ನನ್ನು ಎಲ್ಲರೆದುರು ಸಣ್ಣವನ್ನಾಗಿ ಮಾಡಿದೆ' ಎಂದು ಹೇಳಿ, 'ಆದರೆ' ಸೇರಿಸಬೇಡಿ. ಬ್ಯಾಟರಿ ವಿಷಯ ಮಾತ್ರ ಅವತ್ತೇ ಹೇಳಿ, ಅದು ಬೆಂಕಿಯ ಮಾತು. ಬೇರೆ ಜಾಗದ ಪ್ರತಿಗೆ ನಿಮ್ಮ ರ‍್ಯಾಕಿನಲ್ಲಿ ಜಾಗವಿದೆ ಎನ್ನಿ. ಅವನು ಬೇಡವೆಂದರೆ ಅಲ್ಲಿಗೆ ಬಿಡಿ.

ಹೋದರು. ಹೊಸ್ತಿಲು ದಾಟುತ್ತಲೇ "ಈ ವೈರ್ ಹೀಗಾ ಎಳೆಯೋದು?" ಅಂದುಬಿಟ್ಟರಂತೆ. ಹುಡುಗನ ತಾಯಿ "ಮೊದಲು ಕೂತ್ಕೊಳ್ಳಿ" ಎಂದು ಕಷಾಯ ತಂದಿಟ್ಟರು. ಕ್ಷಮೆಯ ಮಾತು ಹೊರಡುವ ಹೊತ್ತಿಗೆ, ಅಂಗಳದಲ್ಲಿ ಬಂತು.

ಹುಡುಗ ಭಾನುವಾರದ ಗುಂಪಿಗೆ ಇನ್ನೂ ಮರಳಿಲ್ಲ. ಬ್ಯಾಟರಿ ಬದಲಿಸಿದ್ದಾನೆ. ಇವರ ನಿದ್ದೆ ಸುಧಾರಿಸಿದೆ, ಸಿಟ್ಟು ಅಷ್ಟಾಗಿ ಇಲ್ಲ, ಭೇಟಿ ಮುಂದುವರಿದಿದೆ. ರಾತ್ರಿ ಹನ್ನೊಂದಕ್ಕೆ, ಸಾಗರದ ಕಡೆ ಕರೆಂಟು ನೆಟ್ಟು ಎರಡೂ ಇದ್ದ ದಿನ, ಅಜ್ಜನ ಅರ್ಥ ಒಂದೊಂದೇ ಫೈಲಾಗಿ ಶಿವಮೊಗ್ಗದ ರ‍್ಯಾಕಿಗೆ ಬಂದು ಕೂರುತ್ತಿದೆ.